ಗೋಡೆಯೊಳಗಿನ ಮೊಗೆಬೀಜ

ಹೋದ ವರ್ಷ ಮೇ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ನಾನು ಶಿರಾಲಿಯ ನಮ್ಮ ಮನೆಯ ಅಡಿಗೆಕೋಣೆಯಲ್ಲಿ, ಹಳೆಯ ಒಲೆಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ, ಬಾವಿಯ ಕಡೆಯ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಟೈಲ್ಸ್ ಕೂರಿಸಲೆಂದು ಗಾರೆಕೆಲಸದವನು ಗೋಡೆಯ ಗಿಲಾವು ಕೆತ್ತುತ್ತಿದ್ದ. ಮೊರದಗಲದ ಒಂದು ಚಕ್ಕೆ ಕಳಚಿ ಬಿತ್ತು. ಅದರ ಹಿಂದೆ, ಮಣ್ಣಿನ ಗೋಡೆಗೆ, ಐದು ಕಪ್ಪು ಬಿಲ್ಲೆಗಳು ಅಂಟಿಕೊಂಡಿದ್ದವು.

"ಎಂತ ಮಾರಾಯ್ರೆ ಇದು, ನಿಮ್ಮ ಗೋಡೆಗೆ ಸಿಡುಬು ಬಂದಿತ್ತಾ?" ಎಂದ.

ನನಗೆ ನಗು ಬರಲಿಲ್ಲ. ನಮ್ಮ ಕಡೆ ಮೊಗೆಕಾಯಿಯ ಬೀಜವನ್ನು, ಅಂದರೆ ಸಾಂಬಾರಿಗೆ ಹಾಕುವ ದಪ್ಪ ಸೌತೆಯ ಬೀಜವನ್ನು, ಸಗಣಿ ಬೂದಿಯಲ್ಲಿ ಕಲಸಿ, ಒಲೆಯ ಹೊಗೆ ತಾಗುವ ಗೋಡೆಗೆ ತಟ್ಟಿ, ನಡುವೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಹುಳ ಹಿಡಿಯುತ್ತಿರಲಿಲ್ಲ. ಮಳೆಗೆ ಮುಂಚೆ ಬಿಲ್ಲೆ ಕಿತ್ತು, ನೀರಿನಲ್ಲಿ ನೆನೆಸಿ, ಬೀಜ ಬಿತ್ತುವುದು. ಇವು ಅಮ್ಮ ತಟ್ಟಿದವು. ನಲವತ್ತೊಂದು ವರ್ಷದ ಹಿಂದೆ, ಇವನ್ನು ಕೀಳುವ ಮೊದಲೇ, ಅವಳು ಕೆಮ್ಮು ಜ್ವರದಲ್ಲಿ ತೀರಿಕೊಂಡಳು. ನನಗೆ ಆಗ ಹತ್ತು ವರ್ಷ, ತಂಗಿಗೆ ಎರಡು. ಮರುವರ್ಷ ಅಪ್ಪ ಗೋಡೆಗೆ ಗಿಲಾವು ಮಾಡಿಸಿದ. ಮೊದಲು ಬಿಲ್ಲೆಗಳನ್ನು ಕೆರೆದು ತೆಗೆಯಬೇಕಿತ್ತು. ಅದಕ್ಕೆ ಅವನಿಗೆ ಕೈ ಬರಲಿಲ್ಲವೆಂದು ಕಾಣುತ್ತದೆ. ಹಾಗೆಯೇ ಮುಚ್ಚಿಸಿಬಿಟ್ಟಿದ್ದ.

ಕೀಳುವಾಗ ನಾಲ್ಕು ಪುಡಿಯಾದವು, ಒಳಗಿನ ಬೀಜಗಳೂ ಹಿಟ್ಟಾಗಿದ್ದವು. ಐದನೆಯದು ಇಡಿಯಾಗಿ ಬಂತು. ಅದರ ನಡುವೆ ಹೆಬ್ಬೆರಳಿನ ಗುಳಿ ಇತ್ತು, ಚರ್ಮದ ಗೆರೆಗಳ ಸಮೇತ.

ತಂಗಿಗೆ ಫೋನ್ ಮಾಡಿದೆ. ಹೊನ್ನಾವರದಿಂದ ಮಧ್ಯಾಹ್ನದ ಬಸ್ಸಿಗೆ ಬಂದಳು. ಅಮ್ಮನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅಮ್ಮನದು ಅಂತ ಏನಾದರೂ ಒಂದು ಬೇಕೆಂದು ಅವಳು ಚಿಕ್ಕಂದಿನಿಂದ ಕೇಳುತ್ತಿದ್ದಳು. ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಈಗ ಜಗಲಿಯಲ್ಲಿ ಕೂತು, ಬಿಲ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಗುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟಳು. ಸರಿಯಾಗಿ ಕೂತಿತು. ನನ್ನದು ಕೂರಲಿಲ್ಲ, ನನ್ನ ಹೆಂಡತಿಯದೂ ಕೂರಲಿಲ್ಲ. ಎರಡೆರಡು ಸಲ ನೋಡಿದೆವು.

ಬೀಜ ಬೇಕಾದರೆ ಬಿಲ್ಲೆ ನೆನೆಸಬೇಕು. ನೆನೆಸಿದರೆ ಬೆರಳಿನ ಗುರುತು ಹೋಗುತ್ತದೆ.

"ಡಬ್ಬದಲ್ಲಿ ಹಾಕಿ ತಗೊಂಡು ಹೋಗು ತಂಗಿ," ಎಂದೆ.

"ಹೌದು, ಅದೆಲ್ಲ ಹುಟ್ಟುದಿಲ್ಲ," ಎಂದಳು ಹೆಂಡತಿ. "ಹೋದ ವರ್ಷ ಪೇಟೆಯಿಂದ ತಂದ ಪ್ಯಾಕೆಟ್ ಬೀಜವೇ ನಿಮ್ಮಣ್ಣನ ಕೈಲಿ ಹುಟ್ಟಲಿಲ್ಲ."

ತಂಗಿ ತುಂಬ ಹೊತ್ತು ಬೆರಳು ತೆಗೆಯಲಿಲ್ಲ. "ಬಿತ್ತೂಕೆ ಅಂತ್ಲೇ ಇಟ್ಟದ್ದಲ್ವಾ ಅತ್ತಿಗೆ? ನೆನ್ಸುವಾ. ಫೋಟೋ ತೆಗ್ದಿಟ್ರೆ ಆತು."

ಮೊಬೈಲಿನಲ್ಲಿ ಆರು ಫೋಟೋ ತೆಗೆದಳು. ಬಿಲ್ಲೆ ಬೋಗುಣಿಯ ನೀರಿಗೆ ಹೋಯಿತು, ಸಂಜೆಯೊಳಗೆ ಕರಗಿತು. ಒಟ್ಟು ಹನ್ನೊಂದು ಬೀಜ. ಹತ್ತು ಜೊಳ್ಳಾಗಿ ತೇಲಿದವು, ಒಂದು ಮುಳುಗಿತು. ಆಮೇಲೆ ಫೋಟೋ ನೋಡಿದೆವು. ಆರರಲ್ಲೂ ಬಿಲ್ಲೆ ಸ್ಪಷ್ಟವಾಗಿತ್ತು, ಸಗಣಿಯಲ್ಲಿದ್ದ ಹುಲ್ಲಿನ ಎಳೆ ಕೂಡ ಕಾಣುತ್ತಿತ್ತು. ಗುಳಿ ಇರಲಿಲ್ಲ. ಬಿಲ್ಲೆಯ ನಡು ಸಪಾಟಾಗಿತ್ತು. ಬೆಳಕು ನೇರ ಬಿದ್ದರೆ ಹಾಗಾಗುವುದುಂಟು ಎಂದು ಮುಂದೊಂದು ದಿನ ಭಟ್ಕಳದ ಸ್ಟುಡಿಯೋದಲ್ಲಿ ಹೇಳಿದರು. ಇರಬಹುದು. ತಂಗಿ ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದಳು.

ಮುಳುಗಿದ ಆ ಒಂದು ಬೀಜವನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟೆ. ಮೂರು ನಾಲ್ಕು ದಿನದಲ್ಲಿ ಬರಬೇಕಾದ ಮೊಳಕೆ ಹನ್ನೆರಡನೆಯ ದಿನ ಬಂತು. ಬಾವಿಯ ಹಿಂದೆ ಮಣ್ಣು ಏರಿಸಿ ನೆಟ್ಟೆ. ಆ ಮಳೆಗಾಲದಲ್ಲಿ ಹಿತ್ತಲಿನ ಬೆಂಡೆ, ಹೀರೆ ಎಲ್ಲವನ್ನೂ ಬಸವನಹುಳ ತಿಂದುಹಾಕಿತು. ಹುಳ ಹರಿದ ಬೆಳ್ಳನೆಯ ಗೆರೆಗಳು ಈ ಬಳ್ಳಿಯಿಂದ ಒಂದು ಗೇಣು ದೂರದವರೆಗೆ ಬಂದು, ಅಲ್ಲಿಂದ ತಿರುಗಿ ಹೋಗಿದ್ದವು. ನಾನು ಬೂದಿಯನ್ನಾಗಲಿ ಉಪ್ಪನ್ನಾಗಲಿ ಹಾಕಿರಲಿಲ್ಲ.

ಒಂದೇ ಕಾಯಿ ಆಯಿತು. ಸೆಪ್ಟೆಂಬರಿನಲ್ಲಿ ಅದು ಹಣ್ಣಾದಾಗ ತಂಗಿಯನ್ನು ಕರೆಸಿದೆ.

"ಹೊನ್ನಾವರದಲ್ಲಿ ಮೊಗೆಕಾಯಿ ಸಿಕ್ಕುದಿಲ್ಲ ಅಂತ ಮಾಡಿದ್ಯಾ?" ಎನ್ನುತ್ತಲೇ ಬಂದಳು. ಫೋಟೋದ ಸಿಟ್ಟು ಇನ್ನೂ ಇತ್ತು.

ಹೆಂಡತಿ ಮೆಟ್ಟುಗತ್ತಿಯ, ಅಂದರೆ ಈಳಿಗೆಮಣೆಯ, ಮೇಲೆ ಕೂತು ಹಣ್ಣನ್ನು ಎರಡು ಹೋಳು ಮಾಡಿದಳು. ಬಾಗಿಲಲ್ಲಿ ನಿಂತಿದ್ದ ತಂಗಿ ಚೌಕಟ್ಟು ಹಿಡಿದುಕೊಂಡಳು.

"ಈ ವಾಸನೆ ನಂಗೆ ಗೊತ್ತುಂಟು ಅಣ್ಣ," ಎಂದಳು. "ನನ್ನ ಯಾರೋ ಎಡಗೈಲಿ ಎತ್ಕೊಂಡಿದ್ರು. ಬಲಗೈ ಒದ್ದೆ. ಕಿವಿ ಹತ್ರ ಕೆಮ್ತಿದ್ರು. ನನ್ನ ಕೆನ್ನೆಗೆ ಒಂದು ಬೀಜ ಅಂಟಿತ್ತು."

ಅಮ್ಮ ಆ ಬಿಲ್ಲೆಗಳಿಗೆಂದು ಹಣ್ಣು ಹೆಚ್ಚಿ ಬೀಜ ಬಿಡಿಸಿದ ದಿನ ನಾನು ಪಕ್ಕದಲ್ಲೇ ಇದ್ದೆ. ತಂಗಿ ಅವಳ ಎಡಸೊಂಟದ ಮೇಲಿದ್ದಳು. ಕೆನ್ನೆಗೆ ಅಂಟಿದ ಬೀಜವನ್ನು ತೆಗೆದವನು ನಾನು. ಇದನ್ನು ನಾನು ಯಾರಿಗೂ, ಹೆಂಡತಿಗೂ, ಯಾವತ್ತೂ ಹೇಳಿರಲಿಲ್ಲ.

ಗುಳಿ ನೋಡಿದ ಗಾರೆಯವನು ಈಗ ಮುರ್ಡೇಶ್ವರದ ಕಡೆ ಕೆಲಸ ಮಾಡುತ್ತಿದ್ದಾನೆ. ಕೇಳಿದರೆ, ಕಂಡದ್ದು ಹೌದು ಎನ್ನುತ್ತಾನೆ. ತಂಗಿಯ ಮಾತನ್ನು ಕೇಳಿದ ಹೆಂಡತಿ ಒಳಗಿದ್ದಾಳೆ. ತಂಗಿ ಹೊನ್ನಾವರದಲ್ಲಿದ್ದಾಳೆ. ಅಮ್ಮನದು ಅಂತ ಏನಾದರೂ ಒಂದು ಬೇಕೆಂದು ಅವಳು ಈಗ ನನ್ನನ್ನು ಕೇಳುವುದಿಲ್ಲ.