ಎರಡೂರಿನ ಮೊಳೆ

ಮಸ್ಕಿಯಲ್ಲಿ ಬಸ್ಸಿಳಿದಾಗ ಕಂಡದ್ದು ಬಂಡೆ, ಬಂಡೆಯ ಮೇಲೆ ಬಂಡೆ, ಮಿಕ್ಕಿದ್ದೆಲ್ಲ ಬಿಸಿಲು. ಕುಂದಾಪುರದ ನಮ್ಮ ಮನೆಯ ಕಿಟಕಿ ತೆರೆದರೆ ಹಸಿರು ಗದ್ದೆ, ಅದರಾಚೆ ಕಡಲು. ನಾನು ಬರೆದ ಚಿತ್ರಗಳೆಲ್ಲ ಅವುಗಳವೇ. ಎಂಬತ್ತೇಳರಲ್ಲಿ ಇಲ್ಲಿಗೆ ಡ್ರಾಯಿಂಗ್ ಟೀಚರಾಗಿ ಬರುವಾಗ ಆರು ಹಸಿರು ಬಣ್ಣದ ಟ್ಯೂಬು ಹೊತ್ತು ತಂದಿದ್ದೆ. ನನ್ನ ಬುದ್ಧಿಗಿಷ್ಟು!

ಕುಚ್ಚಲಕ್ಕಿ ಗಂಜಿಯಿಲ್ಲದೆ ಬದುಕುವುದು ಹೇಗೆಂದು ಹೆದರಿದ್ದವಳು ತಿಂಗಳೊಳಗೆ ಜೋಳದ ರೊಟ್ಟಿಗೆ ಪುಂಡಿಪಲ್ಯ ಕೇಳಿ ಹಾಕಿಸಿಕೊಳ್ಳತೊಡಗಿದೆ. ನಾಲಿಗೆ ಬೇಗ ಒಗ್ಗಿತು, ಕೈ ಒಗ್ಗಲಿಲ್ಲ. ಮೇ ತಿಂಗಳಿಗೆ ಕುಂದಾಪುರದಲ್ಲಿ ನನ್ನ ಮೊದಲ ಪ್ರದರ್ಶನವೆಂದು ಗೆಳತಿಯರು ಗೊತ್ತುಮಾಡಿದ್ದರು. ಇಲ್ಲಿ ಬೆಟ್ಟ ಬರೆದರೆ ಅಲೆಯಂತೆ ಬಾಗುತ್ತಿತ್ತು. ಸಿಂಧನೂರಿಗೆ ಹೋಗಿ ಕಾಲುವೆ ಬದಿಯ ಭತ್ತದ ಗದ್ದೆ ಬರೆದು ತಂದೆ. ಮನೆಯೊಡತಿ ಬಸಮ್ಮ ನೋಡಿ, "ಇದು ನಿಮ್ಮೂರೇನ್ರಿ ಟೀಚರ?" ಎಂದರು. ಕುಂಚ ತೊಳೆದಿಟ್ಟು ಅತ್ತುಬಿಟ್ಟೆ. ಇನ್ನು ನನ್ನಿಂದ ಚಿತ್ರವಾಗದು ಅನ್ನಿಸಿತ್ತು.

ಬಸಮ್ಮ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಜೋಡಿಸಿ ಮಾಡುವ ಹೊದಿಕೆ ಅದು.

"ಕೆಂಪಿನ ಪಕ್ಕ ಕಪ್ಪು ಯಾಕೆ?" ಎಂದೆ.

"ಕೆಂಪು ಬಾಳ ಒದರಾಕತ್ತಿತ್ರಿ. ಕರೀದು ಹಚ್ಚಿ ಸುಮ್ಮನ ಕುಂದ್ರಿಸೀನಿ."

ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟರು. "ಕೌದಿ ಉಪವಾಸ ಇರಬಾರದ್ರಿ."

ಮರುದಿನವೇ ಶುರುಮಾಡಿದೆ. ಬೆಟ್ಟವಿಲ್ಲ, ಕಡಲಿಲ್ಲ, ಗದ್ದೆಯಿಲ್ಲ. ಬಣ್ಣದ ತುಂಡುಗಳು ಮಾತ್ರ, ಕೂಗಿ ಒದರುವುದೊಂದು, ಅದನ್ನು ಸುಮ್ಮನಿರಿಸುವುದೊಂದು. ಒಂಬತ್ತು ದಿನ ನನಗೆ ಹಸಿವೆಯ ನೆನಪೂ ಇರಲಿಲ್ಲ, ಅಷ್ಟು ಖುಷಿ. ಮುಗಿದಾಗ ಬಸಮ್ಮ ಒಂದು ನೀಲಿ ತುಂಡಿನ ಮೇಲೆ ಬೆರಳಿಟ್ಟು, "ಇದು ಲಿಂಗಸುಗೂರಾಗ ತಗೊಂಡಿದ್ದ ನನ್ನ ಸೀರಿ! ನೀವು ಎಲ್ಲಿ ನೋಡೀರಿ?" ಎಂದರು. ನಾನು ನೋಡಿಯೇ ಇರಲಿಲ್ಲ, ಆದರೂ ಹೌದು, ನಿಮ್ಮ ಸೀರೆಯೇ ಎಂದೆ. ಅವರು ಒಳಗೆ ಹೋಗಿ ರೊಟ್ಟಿಚೂರು ತಂದು ಕ್ಯಾನ್ವಾಸಿನ ಹಿಂದೆ ಮೂಲೆಯ ಮಡಿಕೆಗೆ ಸೇರಿಸಿದರು. ಇಂಥವೇ ಇನ್ನೂ ಏಳು ಬರೆದೆ.

ಮೇ ತಿಂಗಳ ಪ್ರದರ್ಶನದಲ್ಲಿ ಊರಿನ ಜನ ಕತ್ತು ವಾರೆ ಮಾಡಿ ನೋಡಿದರು. ಇದನ್ನು ಓದುವ ಕುಂದಾಪುರದವರೇ, ನಿಮ್ಮಲ್ಲೇ ಕೆಲವರು ಯಾವ ಬದಿ ಮೇಲೆ ಎಂದು ಕೇಳಿದಿರಿ, ಮರೆತಿಲ್ಲ! ಅಮ್ಮ ಅದೇ ನೀಲಿ ತುಂಡನ್ನು ಮುಟ್ಟಿ, "ಇದ್ ನಮ್ ಕಡಲ್ ಅಲ್ದಾ?" ಎಂದಳು. ಹೌದೆಂದೆ. ಬಸಮ್ಮನಿಗೂ ಹೌದೆಂದೇ ಹೇಳಿದ್ದೆ. ಎರಡೂ ಸುಳ್ಳಲ್ಲ.

ಆ ಚಿತ್ರ ಇಲ್ಲೇ ಇರಲಿ ಎಂದು ಅಮ್ಮ ಹಟ ಹಿಡಿದಳು. ಆದರೆ ನಾನು ಮಸ್ಕಿಯಿಂದ ಹೊರಡುವಾಗಲೇ ಬಸಮ್ಮ ಹೇಳಿಬಿಟ್ಟಿದ್ದರು: "ತಿರುಗಿ ತರ್ರಿ. ಅದರಾಗ ನಮ್ಮನಿ ರೊಟ್ಟಿ ಐತಿ."

ಎಂಟು ವರ್ಷವಾಯಿತು. ಚಿತ್ರ ಮೇ ತಿಂಗಳಲ್ಲಿ ಕುಂದಾಪುರಕ್ಕೆ ಹೋಗುತ್ತದೆ, ಜೂನಿನಲ್ಲಿ ನನ್ನ ಜೊತೆ ಮಸ್ಕಿಗೆ ಬರುತ್ತದೆ. ಎರಡೂ ಮನೆಯ ಗೋಡೆಯಲ್ಲಿ ಮೊಳೆ ಹಾಗೆಯೇ ಇದೆ.