ಹೊಳೆಯೊಳಗೆ ಯಾರಿದ್ದಾರೆ

ನೆರೆಮನೆಯ ಅಂಕಲ್ಲರ ಬಲಗೈಯ ಉಂಗುರ ಬೆರಳು ಮಡಚುತ್ತಿರಲಿಲ್ಲ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸು ಎತ್ತಿಹಾಕುವ ಕೆಲಸದಲ್ಲಿದ್ದಾಗ ಯಾರದೋ ಭಾರದ ಪೆಟ್ಟಿಗೆ ಬಿದ್ದು ಅದರ ಗೆಣ್ಣು ಸೆಟೆದು ನಿಂತಿತ್ತು. ಟೀ ಕಪ್ಪು ಹಿಡಿದರೂ, ಕೊತ್ತಂಬರಿ ಕಟ್ಟು ಹಿಡಿದರೂ ಆ ಬೆರಳೊಂದು ಮಾತ್ರ ಬೇರೆಲ್ಲಿಗೋ ದಾರಿ ತೋರಿಸುತ್ತಿತ್ತು.

ವಿಚ್ಛೇದನವಾದ ಮೇಲೆ ನಾನು ಲಂಡನ್ನಿನ ಅಂಚಿನ ಫೆಲ್ಥಮ್ಮಿನಲ್ಲಿ ಆ ಪುಟ್ಟ ಮನೆ ಕೊಂಡು ಒಬ್ಬಳೇ ಬಂದಿದ್ದೆ. ಕೆಲಸವೂ ಮನೆಯಿಂದಲೇ. ಲ್ಯಾಪ್‌ಟಾಪಿನೊಳಗಿನ ಮುಖಗಳನ್ನು ಬಿಟ್ಟರೆ ವಾರಗಟ್ಟಲೆ ಯಾರ ಜೊತೆಗೂ ಮಾತಿರಲಿಲ್ಲ. ಒಂದು ದಿನ ಹಿತ್ತಲಲ್ಲಿ ನಿಂತು ಬೆಂಗಳೂರಿನ ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಾಗ ಬೇಲಿಯಾಚೆಯಿಂದ ಪ್ರಶ್ನೆ ಬಂತು: "ಎಂತ, ನಿಮ್ಮದು ಕನ್ನಡವಾ?" ಅಂಕಲ್ ಉಡುಪಿ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹತ್ತಿರದ ಹೇಸ್‌ನಲ್ಲಿ ನರ್ಸಾಗಿದ್ದ ಮಗಳು ಭಾನುವಾರಗಳಂದು ಬಂದು ಹೋಗುತ್ತಿದ್ದಳು. ಅವರು ಕೊಂಕಣಿಯಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಅವತ್ತೇ ಅಪ್ಪಣೆಯಾಯಿತು. "ಬರುವ ಆದಿತ್ಯವಾರ ಹೊಳೆಗೆ ಬನ್ನಿ. ಮನೆಯಲ್ಲಿ ಸುಮ್ಮನೆ ಕೂತು ಎಂತ ಮಾಡ್ತೀರಿ?"

ನಮ್ಮ ಬೀದಿಯ ಬೆನ್ನಿಗೇ ಒಂದು ಸಣ್ಣ ಹೊಳೆ ಹರಿಯುತ್ತದೆ. ಅದರ ಆರೋಗ್ಯ ನೋಡಿಕೊಳ್ಳುವ ಸ್ವಯಂಸೇವಕರ ಗುಂಪಿನಲ್ಲಿ ಅಂಕಲ್ಲೂ ಒಬ್ಬರು. ತಿಂಗಳ ಮೊದಲ ಭಾನುವಾರ ಇಗರ್ಜಿಯಿಂದ ನೇರ ಬಂದು, ಇಸ್ತ್ರಿ ಮಾಡಿದ ಅಂಗಿ, ಟೈಗಳ ಮೇಲೆಯೇ ಎದೆಮಟ್ಟದ ರಬ್ಬರ್ ಪ್ಯಾಂಟು ಏರಿಸಿ ನೀರಿಗಿಳಿಯುತ್ತಿದ್ದರು. ತಳದ ಕಲ್ಲುಗಳನ್ನು ಕಾಲಿನಿಂದ ಕೆದಕಿ, ಎದ್ದು ಬಂದದ್ದನ್ನು ಬಲೆಯಲ್ಲಿ ಹಿಡಿದು ಬಿಳಿ ಟ್ರೇಗೆ ಸುರಿಯುವುದು. ಆಮೇಲೆ ಪ್ಲಾಸ್ಟಿಕ್ ಚಮಚದಲ್ಲಿ ಒಂದೊಂದೇ ಜೀವವನ್ನು ಬೇರೆ ಮಾಡಿ ಎಣಿಸುವುದು. ಮೂರು ಬಾಲದ ಮರಿಹುಳು, ಮರಳಿನ ಗೂಡು ಹೊತ್ತು ತಿರುಗುವ ಹುಳು, ಅಕ್ಕಿಕಾಳಿನಷ್ಟು ಸಿಗಡಿ. ಸಿಗಡಿಗೆ ಮಾತ್ರ ಅವರು ಕೊಂಕಣಿಯಲ್ಲೇ 'ಸುಂಗಟ' ಎನ್ನುತ್ತಿದ್ದರು. ಅದು ಕೊಳಕು ನೀರನ್ನು ತಾಳಲಾರದ ಜೀವ.

ನೀರು ಎಷ್ಟು ತಿಳಿಯಾಗಿದೆ ಎಂದು ನಾನು ಹೊಗಳಿದರೆ ಅವರಿಗೆ ಸಿಟ್ಟು. "ನೋಡಲಿಕ್ಕೆ ಚಂದ ಇದ್ದರೆ ಎಂತ ಆಯ್ತು? ಒಳಗೆ ಯಾರಿದ್ದಾರೆ, ಅದು ನೋಡಿ." ಹುಳುಗಳನ್ನು ಅವರು 'ಏನು' ಎಂದವರಲ್ಲ, 'ಯಾರು' ಎಂದೇ ಕೇಳುತ್ತಿದ್ದರು. ಹೊಳೆಗೆ ಅಡ್ಡ ಬಿದ್ದ ಮರವನ್ನು ತೆಗೆಸಿ ಎಂದು ಬೀದಿಯವರು ಕೌನ್ಸಿಲ್ಲಿಗೆ ಬರೆದಾಗ ಮನೆಮನೆಗೆ ಹೋಗಿ ವಾದ ಮಾಡಿದರು. ಮರ ಇದ್ದರೆ ನೀರಿನ ಓಟ ತಗ್ಗುತ್ತದೆ, ಅದರ ಹಿಂದೆ ಮೀನಿನ ಮರಿಗಳಿಗೆ ಜಾಗ ಸಿಗುತ್ತದೆ ಎಂದು ಅವರ ಲೆಕ್ಕ. "ಹೊಳೆ ಅಂದರೆ ರನ್‌ವೇಯಾ, ಗುಡಿಸಿ ಇಡಲಿಕ್ಕೆ?" ಮರ ಉಳಿಯಿತು. ಎರಡು ವರ್ಷ ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಹುಳುಗಳ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ. ತಿಂಗಳಿಗೊಮ್ಮೆಯಾದರೂ ಯಾರೋ ನನಗಾಗಿ ಕಾಯುತ್ತಾರಲ್ಲ ಎಂದು ಹೋಗುತ್ತಿದ್ದೆ.

ಮೂರನೆಯ ವರ್ಷ ಸಿಗಡಿಗಳು ಕಡಿಮೆಯಾಗುತ್ತ ಬಂದವು. ನಮ್ಮ ಬೀದಿಯ ಮಳೆನೀರು ಹೊಳೆಗೆ ಬೀಳುವ ಪೈಪಿನಿಂದ ಮೇಲಕ್ಕೆ ಬೇಕಾದಷ್ಟಿದ್ದವು, ಕೆಳಕ್ಕೆ ಒಂದೂ ಇಲ್ಲ. ಅಂಕಲ್ ಆ ಪೈಪಿನ ಬಾಯಿಗೆ ತಂತಿಯ ಜಾಲರಿ ಕಟ್ಟಿದರು. ವಾರ ಕಳೆದು ಬಿಚ್ಚಿ ನೋಡಿದಾಗ ಅದರಲ್ಲಿ ಸೋಪಿನ ಬಿಳಿ ಜಿಡ್ಡು, ಸಾಸಿವೆ ಕಾಳು, ನಾಲ್ಕು ಕರಿಬೇವಿನ ಎಲೆ.

ನಮ್ಮ ಬೀದಿಯಲ್ಲಿ ಒಗ್ಗರಣೆಗೆ ಕರಿಬೇವು ಹಾಕುವವರು ಇಬ್ಬರೇ, ಅಂಕಲ್ ಮತ್ತು ನಾನು. ಅವರು ಪಾತ್ರೆ ತೊಳೆಯುವುದು ಅಡುಗೆಮನೆಯಲ್ಲಿ. ನಾನು ಮಾತ್ರ, ಅಡುಗೆಮನೆ ಇಕ್ಕಟ್ಟೆಂದು, ಆ ವರ್ಷದ ಮೊದಲಿಗೆ ನಮ್ಮೂರಿನ ಅಭ್ಯಾಸದಂತೆ ಹಿತ್ತಲಲ್ಲಿ ಸಿಂಕು ಹಾಕಿಸಿ ಪಕ್ಕದಲ್ಲೇ ವಾಷಿಂಗ್ ಮೆಷಿನ್ ಇಡಿಸಿದ್ದೆ. ಎರಡರ ನೀರೂ ಅಂಗಳದ ಮೋರಿಯೊಳಗೆ ಹೋಗುತ್ತಿತ್ತು. ಮೋರಿ ಅಂದರೆ ಮೋರಿ, ಅದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರು ಕೇಳಿದ್ದಾರೆ?

ಅಂಕಲ್ ಸಂಜೆ ಬಂದು ಬಾಗಿಲಲ್ಲೇ ನಿಂತರು. "ಬೇಸರ ಮಾಡಬೇಡಿ ಮಾರಾಯ್ತಿ. ಇಲ್ಲಿ ಕೊಳಕು ನೀರಿಗೆ ಬೇರೆ ಪೈಪ್ ಉಂಟು, ಮಳೆನೀರಿಗೆ ಬೇರೆ. ಮಳೆನೀರಿನದ್ದು ಸೀದಾ ಹೊಳೆಗೆ ಹೋಗ್ತದೆ. ನಿಮ್ಮದು ಅದಕ್ಕೆ ಸೇರಿದೆ. ಒಂದು ಪೈಪ್ ಬದಲಾಯಿಸಿದರೆ ಆಯ್ತು."

ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು. "ಏನಂಕಲ್, ನಮ್ಮನೆ ಮೋರಿಗೂ ಮೂಗು ತೂರಿಸ್ತೀರಾ? ಮಾಡಕ್ಕೆ ಬೇರೆ ಕೆಲ್ಸ ಇಲ್ವಾ ನಿಮ್ಗೆ?" ಎಂದುಬಿಟ್ಟೆ. ಅವರು ಟೋಪಿ ಸರಿಮಾಡಿಕೊಂಡು ಹೊರಟುಹೋದರು.

ಮರುವಾರವೇ ಪ್ಲಂಬರನ್ನು ಕರೆಸಿ ಪೈಪು ಸರಿಮಾಡಿಸಿದೆ. ಅದನ್ನು ಹೋಗಿ ಹೇಳುವಷ್ಟು ಮನಸ್ಸು ಮಾತ್ರ ದೊಡ್ಡದಾಗಲಿಲ್ಲ. ಭಾನುವಾರಗಳಂದು ಹೊಳೆಗೆ ಹೋಗುವುದು ನಿಲ್ಲಿಸಿದೆ. ಹಿತ್ತಲಿಗೆ ಬರುವ ಮೊದಲು ಬೇಲಿಯಾಚೆ ಅವರಿಲ್ಲವೆಂದು ಇಣುಕಿ ಖಚಿತ ಮಾಡಿಕೊಳ್ಳುತ್ತಿದ್ದೆ. ಮನೆ ಮತ್ತೆ ಮೊದಲಿನ ಹಾಗೆ, ಫ್ರಿಜ್ಜಿನ ಸದ್ದು ಕೇಳುವಷ್ಟು ಖಾಲಿಯಾಯಿತು.

ಐದಾರು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಬೆಲ್ ಆಯಿತು. ಮಹಡಿಯ ಕಿಟಕಿಯಿಂದ ನೋಡಿದೆ. ಅಂಕಲ್ ರಬ್ಬರ್ ಪ್ಯಾಂಟಿನಲ್ಲೇ ನಿಂತಿದ್ದರು, ಕೈಯಲ್ಲಿ ಮುಚ್ಚಳದ ಬಕೆಟ್ಟು. ಇನ್ನೊಂದು ದೂರಿಗೆ ಸಾಕ್ಷಿ ತಂದಿದ್ದಾರೆ ಎಂದುಕೊಂಡೆ. ಅವರು ತಲೆ ಎತ್ತಿದರು. ಕಣ್ಣಿಗೆ ಕಣ್ಣು ಸೇರಿತು. ನಾನು ಪರದೆ ಬಿಟ್ಟೆ. ಬೆಲ್ ಮತ್ತೆ ಆಗಲಿಲ್ಲ.

ಆ ಚಳಿಗಾಲದಲ್ಲೇ ಅವರು ಹೃದಯಾಘಾತದಿಂದ ಹೋದರು. ಇಗರ್ಜಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬಂದೆ. ವಾರದ ಬಳಿಕ ಅವರ ಮಗಳು ಬಲೆ, ಟ್ರೇ, ಚಮಚಗಳನ್ನು ತಂದುಕೊಟ್ಟಳು. ಅಪ್ಪ ಇವು ನನಗೇ ಸೇರಬೇಕು ಅಂದಿದ್ದರಂತೆ. ಆಮೇಲೆ ತನ್ನ ಇಂಗ್ಲಿಷಿನಲ್ಲಿ ಹೇಳಿದಳು: ಪೈಪಿನ ಕೆಳಗೆ ಸಿಗಡಿಗಳು ತಿರುಗಿ ಬಂದ ದಿನ ಅಪ್ಪ ನಿಮಗೆ ತೋರಿಸಲೇಬೇಕೆಂದು ಬಕೆಟ್ಟಿನಲ್ಲಿ ತಂದಿದ್ದರು. ಸಾಯಬಾರದೆಂದು ಬೇಗ ಬೇಗ ನಡೆದು ಬಂದರು, ಹಾಗೇ ನಡೆದು ಹೋಗಿ ಹೊಳೆಗೆ ಬಿಟ್ಟರು.

"ಏನಂದ್ರು ವಾಪಸ್ ಬಂದು?" ಎಂದು ಕೇಳಿದೆ.

ನೀವು ಮನೆಯಲ್ಲಿರಲಿಲ್ಲವಂತೆ, ಅಂದಳು.

ಈಗ ತಿಂಗಳ ಮೊದಲ ಭಾನುವಾರ ನಾನೇ ನೀರಿಗಿಳಿಯುತ್ತೇನೆ. ಅವಳೂ ಆಗಾಗ ಬಂದು ದಡದಲ್ಲಿ ನಿಂತು ಎಣಿಕೆ ಬರೆದುಕೊಳ್ಳುತ್ತಾಳೆ. ಆ ದಿನ ನಾನು ಮನೆಯಲ್ಲೇ ಇದ್ದೆ ಎಂದು ಅವಳಿಗೆ ಇನ್ನೂ ಹೇಳಿಲ್ಲ.