ಗಿರಿಜಕ್ಕನ ಮನೆಯ ಫ್ರಿಜ್

ಗಿರಿಜಕ್ಕನ ಬಿಪಿಎಲ್ ಕಾರ್ಡು ಕಂಪ್ಯೂಟರಿನ ತಪ್ಪಿನಿಂದ ರದ್ದಾಯಿತು ಎಂದು ಅವರ ಊರು ನಾವುಂದದಲ್ಲಿ ಇವತ್ತಿಗೂ ಹೇಳುತ್ತಾರೆ. ಕಂಪ್ಯೂಟರ್ ಯಾರ ಮನೆಗೆ ಹೋಗಿತ್ತು? ಹೋದದ್ದು ನಾನು. ಬರೆದದ್ದು ನಾನು. ಆ ಕಂಪ್ಯೂಟರಿನ ಕಥೆ ಕಟ್ಟಿದವನೂ ನಾನೇ.

ಪೇಟೆಯ ಸಂಬಳವನ್ನೂ ಹಳ್ಳಿಯ ದುಡಿಮೆಯನ್ನೂ ಒಂದೇ ಕೋಲಿನಿಂದ ಅಳೆಯಬಾರದು ಎಂದು ಕಾಲೇಜಿನ ವೇದಿಕೆಯಲ್ಲಿ ವಾದಿಸಿ ಕಪ್ ಗೆದ್ದವನು ನಾನು. ಡಿಗ್ರಿ ಮುಗಿದ ಮೇಲೆ, ಕೋಟೇಶ್ವರದ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಕುಟುಂಬ ಸಮೀಕ್ಷೆಯ ಕೆಲಸಕ್ಕೆ ಸೇರಿದೆ.

ಗಿರಿಜಕ್ಕನಿಗೆ ಗಂಡ ಇರಲಿಲ್ಲ. ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದಿದ್ದಾಗ ಒಲೆ ಉರಿಯುತ್ತಿದ್ದದ್ದು ಕಾರ್ಡಿನ ಅಕ್ಕಿಯಿಂದ. ಮಗಳು ಆಶಾ ಪಿಯುಸಿ ಓದುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ಜೊಂದು ನಿಂತಿತ್ತು — ಮುಂಬಯಿಯ ಹೋಟೆಲಿನಲ್ಲಿ ಕೆಟ್ಟುಹೋದದ್ದನ್ನು, ಅಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಲಾರಿ ಹತ್ತಿಸಿ ಕಳಿಸಿದ್ದ.

"ಹ್ವಾಯ್ ಮಾಸ್ಟ್ರೆ, ಅದ್ ಫ್ರಿಜ್ ಅಲ್ಲ, ಅಕ್ಕಿ ಡಬ್ಬಿ. ಇಲಿಗೆ ಬಾಗ್ಲ್ ತೆಗುಕೆ ಬತ್ತಿಲ್ಲ ಕಾಣಿ!" ಗಿರಿಜಕ್ಕ ನಕ್ಕರು. ಫಾರಂ ಹಿಡಿದು ಬಂದವರೆಲ್ಲ ಅವರಿಗೆ ಮಾಸ್ಟ್ರೇ.

"ಫಾರಂ ಕೇಳೂದ್ ಫ್ರಿಜ್ ಇತ್ತಾ ಇಲ್ಯಾ ಅಂತ. ಓಡತ್ತಾ ಅಂತ ಅಲ್ಲ."

"ನೀವ್ ಓದಿದವ್ರ್. ನಾನ್ ಎಂತ ಹೇಳೂದ್..."

ಇದೆ ಎಂದು ಬರೆದರೆ ಬಡವರ ಪಟ್ಟಿಯಿಂದ ಅವರ ಹೆಸರು ಹೋಗುತ್ತದೆ — ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೂ ಬರೆದೆ. ನಿಯಮಕ್ಕಾಗಿ ಅಲ್ಲ — ವಾದದಲ್ಲಿ ಎದುರಿನವರು ಸುಮ್ಮನಾದರಲ್ಲ, ಆ ಗೆಲುವಿನ ರುಚಿಗೆ.

ಕಾರ್ಡು ರದ್ದಾದ ವಾರ ಅವರು ಬಸ್ಸು ಹಿಡಿದು ಕೋಟೇಶ್ವರಕ್ಕೆ ಬಂದು, ನಮ್ಮ ಮನೆಯ ಗೇಟಿನ ಹೊರಗೆ ನಿಂತು ಕೇಳಿದರು: "ಫ್ರಿಜ್ ಬರ್ದದ್ದಕ್ಕಾ ಮಾಸ್ಟ್ರೆ?"

"ಛೆ, ಅದಲ್ಲ. ಕಂಪ್ಯೂಟರಿನ ತಪ್ಪು."

ಆಕ್ಷೇಪಣೆ ಸಲ್ಲಿಸಲು ಇನ್ನೂ ದಿನಗಳಿದ್ದವು. ತಪ್ಪು ನನ್ನದೆಂದು ಒಂದು ಸಾಲು ಬರೆದುಕೊಟ್ಟಿದ್ದರೆ — ಕೊಡಲಿಲ್ಲ. ನಮ್ಮಪ್ಪನಿಗೆ ತಿಂಗಳ ಸಂಬಳ. ಯಾರು ಯಾವ ಫಾರಂನಲ್ಲಿ ಏನು ಬರೆದರೂ ನಮ್ಮ ಊಟ ತಪ್ಪುತ್ತಿರಲಿಲ್ಲ. ಅವರ ಮನೆಯಲ್ಲಿ ಆ ಮಳೆಗಾಲ ಪೂರ್ತಿ ಬೆಲೆ ಕೊಟ್ಟು ತಂದ ಅಂಗಡಿಯ ಅಕ್ಕಿ. ಮಳೆ ಬಿಡುವ ಮೊದಲೇ ಆಶಾ ಕಾಲೇಜು ಬಿಟ್ಟು ಮೀನು ಕತ್ತರಿಸುವ ಶೆಡ್ಡಿಗೆ ಸೇರಿದ್ದಳು.

ಆಶಾ, ನಾಳೆ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಅಮ್ಮನಿಗೆ ಇದಿಷ್ಟನ್ನೂ ಹೇಳುತ್ತೇನೆ, ಕಚೇರಿಗೂ ಬರೆದುಕೊಡುತ್ತೇನೆ. ಕಾರ್ಡು ತಿರುಗಿ ಸಿಕ್ಕರೂ ಸಿಕ್ಕೀತು. ಆದರೆ ಅರ್ಧಕ್ಕೆ ಬಿಟ್ಟ ನಿನ್ನ ಆ ಪಿಯುಸಿ — ಅದನ್ನು ಈಗ ಯಾರು ತಂದುಕೊಡುತ್ತಾರೆ?